ನಿಮಗಿದು ಗೊತ್ತೇ? ಹನಿಯಲ್ಲಿ ಹರಳು ಮೂಡುವ ಹದ

ಮೈಸೂರುಪಾಕ ಮಾಡುವವರಿಗೆ ಹದ ಅಂದರೇನು ಅಂತ ಹೇಳಿಕೊಡಬೇಕಿಲ್ಲ. ಪಾಕ ಒಂದೆಳೆಯಿಂದ ಎರಡೆಳೆಗೆ ಬರುವಷ್ಟರಲ್ಲಿ ಮೈಮರೆತರೆ ಬಾಣಲೆಯಲ್ಲಿ ಉಳಿಯುವುದು ಸಿಹಿಯಲ್ಲ, ಇಟ್ಟಿಗೆ. ಪ್ರೋಟೀನಿನ ಹರಳು ಬೆಳೆಸುವ ವಿಜ್ಞಾನಿಗಳ ಪಾಡೂ ಇದೇ. ಅವರ ಬಾಣಲೆ ಮಾತ್ರ ಒಂದು ಹನಿಯಷ್ಟು, ಕಾಯುವಿಕೆ ಕೆಲವೊಮ್ಮೆ ಆರು ತಿಂಗಳು. ಪಕ್ಕದಲ್ಲಿ ನಿಂತು ಬೆರಳ ತುದಿಯಲ್ಲಿ ಎಳೆ ತೆಗೆದು ತೋರಿಸುವ ಅಜ್ಜಿಯೂ ಇಲ್ಲ.

ಇಷ್ಟು ಒದ್ದಾಟ ಯಾಕೆ? ಪ್ರೋಟೀನಿನ ಒಂದು ಅಣುವಿನಿಂದ ಚದುರುವ ಕ್ಷ-ಕಿರಣ ಅಳತೆಗೇ ಸಿಗದಷ್ಟು ಮಂಕು. ಕೋಟಿ ಕೋಟಿ ಅಣುಗಳು ಕವಾಯತಿಗೆ ನಿಂತಂತೆ ಒಂದೇ ಕ್ರಮದಲ್ಲಿ ಸಾಲುಗಟ್ಟಿದರೆ ಆ ಮಂಕು ಬೆಳಕುಗಳೆಲ್ಲ ಕೂಡಿ ಚುಕ್ಕಿಗಳ ಚಿತ್ರವಾಗುತ್ತದೆ. ಆ ಚುಕ್ಕಿಗಳಿಂದ ಪ್ರತಿ ಪರಮಾಣುವಿನ ಜಾಗ ಲೆಕ್ಕ ಹಾಕಬಹುದು. ಹಾಗೆ ಸಾಲುಗಟ್ಟಿ ನಿಂತದ್ದೇ ಹರಳು. ನಿಲ್ಲಿಸುವುದು ಹೇಗೆ ಎಂಬುದೇ ಈ ಸಲದ ಅಂಕಣ.

◆ ಮೊದಲ ಪ್ರೋಟೀನ್ ಹರಳು ಕಂಡದ್ದು ಎರೆಹುಳುವಿನ ರಕ್ತದಲ್ಲಿ. 1840ರಲ್ಲಿ ಜರ್ಮನಿಯ ಹ್ಯೂನೆಫೆಲ್ಡ್ ಆ ರಕ್ತವನ್ನು ಎರಡು ಗಾಜಿನ ಪಟ್ಟಿಗಳ ನಡುವೆ ಒತ್ತಿ ನಿಧಾನವಾಗಿ ಒಣಗಲು ಬಿಟ್ಟಾಗ ಕೆಂಪು ಚಪ್ಪಟೆ ಹರಳುಗಳು ಮೂಡಿದವು. ಆಗಿನ್ನೂ 'ಹಿಮೋಗ್ಲೋಬಿನ್' ಎಂಬ ಹೆಸರೇ ಹುಟ್ಟಿರಲಿಲ್ಲ. ನಿಧಾನವಾಗಿ ಒಣಗುವುದು ಎಂಬ ಆ ಒಂದು ಗುಟ್ಟನ್ನೇ ಇವತ್ತಿನ ರೋಬಾಟ್‌ಗಳೂ ನಂಬಿಕೊಂಡಿವೆ.

◆ 1909ರಲ್ಲಿ ಅಮೆರಿಕದ ರೈಕರ್ಟ್ ಮತ್ತು ಬ್ರೌನ್ ನೂರಕ್ಕೂ ಹೆಚ್ಚು ಬಗೆಯ ಪ್ರಾಣಿಗಳ ರಕ್ತದಿಂದ ಹಿಮೋಗ್ಲೋಬಿನ್ ಹರಳು ತೆಗೆದು ಫೋಟೊ ಹಿಡಿದು ದಪ್ಪ ಪುಸ್ತಕ ತಂದರು. ಕುದುರೆಯದು ಒಂದು ಆಕಾರ, ನಾಯಿಯದು ಇನ್ನೊಂದು. ಆಮ್ಲಜನಕ ಹೊರುವ ಕೆಲಸ ಒಂದೇ, ಹರಳುಗಟ್ಟುವ ಸ್ವಭಾವ ಮಾತ್ರ ಪ್ರಾಣಿಗೊಂದು.

◆ ಹರಳು ಅಂದ ಕೂಡಲೆ ಕಲ್ಲುಸಕ್ಕರೆ ನೆನಪಾಗುತ್ತದಲ್ಲವೆ? ಆ ನೆನಪನ್ನು ಬದಿಗಿಡಿ. ಪ್ರೋಟೀನ್ ಹರಳಿನ ಹೆಚ್ಚುಕಮ್ಮಿ ಅರ್ಧ ಭಾಗ ಬರೀ ನೀರು, ಅಂದರೆ ಅದು ಬೆಳೆದ ದ್ರಾವಣ. ಕೆಲವದರಲ್ಲಿ ಮೂರನೇ ಎರಡು ಭಾಗದವರೆಗೂ. ಮುಟ್ಟಿದರೆ ಹಲ್ವದ ಹಾಗೆ ಕುಸಿಯುತ್ತದೆ, ಗಾಳಿಗಿಟ್ಟರೆ ಬಾಡುತ್ತದೆ.

◆ ಈ ಬಾಡುವಿಕೆಯೇ ವರ್ಷಗಟ್ಟಲೆ ಎಲ್ಲರನ್ನೂ ಏಮಾರಿಸಿತ್ತು. ಹರಳನ್ನು ದ್ರಾವಣದಿಂದ ತೆಗೆದು ಒಣಗಿಸಿ ಕ್ಷ-ಕಿರಣಕ್ಕೆ ಒಡ್ಡುತ್ತಿದ್ದರು, ಮಸುಕು ಬಿಟ್ಟು ಏನೂ ಬರುತ್ತಿರಲಿಲ್ಲ. ಬಾಗಿಲು ತೆರೆದದ್ದು ಸ್ಕೀಯಿಂಗ್ ರಜೆ! ಸ್ವೀಡನ್ನಿನ ಉಪ್ಸಲಾದಲ್ಲಿ ಕೆಲಸ ಮಾಡುತ್ತಿದ್ದ ಜಾನ್ ಫಿಲ್‌ಪಾಟ್ ಜಠರದ ಪೆಪ್ಸಿನ್ ಕಿಣ್ವದ ದ್ರಾವಣವನ್ನು ಫ್ರಿಜ್ಜಿನಲ್ಲಿಟ್ಟು ಹಿಮದಲ್ಲಿ ಜಾರಲು ಹೋದರು. ಮರಳಿ ಬಂದು ನೋಡಿದರೆ ಎರಡು ಮಿಲಿಮೀಟರ್‌ವರೆಗಿನ ಹರಳುಗಳು. ಅವನ್ನು ಮಿಲಿಕನ್ ಎಂಬ ಅತಿಥಿ ದ್ರಾವಣದ ಸಮೇತ ಕೊಳವೆಯಲ್ಲಿ, ಕೋಟಿನ ಜೇಬಿನಲ್ಲಿ, ಕೇಂಬ್ರಿಜ್‌ಗೆ ಒಯ್ದರು. ಅಲ್ಲಿ ಜೆ.ಡಿ. ಬರ್ನಾಲ್ ಸೂಕ್ಷ್ಮದರ್ಶಕದಲ್ಲಿ ನೋಡುತ್ತಿದ್ದಂತೆಯೇ, ದ್ರವದಿಂದ ಹೊರಬಂದ ಹರಳು ತನ್ನ ಹೊಳಪು ಕಳೆದುಕೊಂಡಿತು. ಅವರು ಇನ್ನೊಂದನ್ನು ತೇವದ ಸಮೇತ ಸಣ್ಣ ಗಾಜಿನ ನಳಿಕೆಯಲ್ಲಿ ಮುಚ್ಚಿ ಚಿತ್ರ ತೆಗೆದರು. ಚುಕ್ಕಿಗಳು ಬಂದವು. ಬರ್ನಾಲ್ ಮತ್ತು ಡಾರೊತಿ ಕ್ರೋಫುಟ್ 1934ರಲ್ಲಿ ಅದನ್ನು 'ನೇಚರ್' ಪತ್ರಿಕೆಯಲ್ಲಿ ಪ್ರಕಟಿಸಿದರು. ಒಂದು ಇಡೀ ವಿಜ್ಞಾನಶಾಖೆ ಒದ್ದೆಯಾಗಿ ಉಳಿದದ್ದರಿಂದ ಹುಟ್ಟಿತು.

◆ ಈಗ ಜೇಮ್ಸ್ ಸಮ್ನರ್ ಕತೆ. ನನಗೆ ಈ ಅಂಕಣದಲ್ಲಿ ಅತಿ ಇಷ್ಟದ್ದು ಇದು, ಸ್ವಲ್ಪ ಜಾಗ ಕೊಡುತ್ತೇನೆ. ಸಮ್ನರ್ ಎಡಗೈಯವರು. ಹದಿನೇಳರ ಪ್ರಾಯದಲ್ಲಿ ಬೇಟೆಯಾಡುವಾಗ ಜೊತೆಗಾರನ ಗುಂಡು ತಗುಲಿ ಆ ಎಡಗೈಯನ್ನೇ ಕಳೆದುಕೊಂಡರು. ಒಂಟಿ ಕೈಯಲ್ಲಿ ರಸಾಯನವಿಜ್ಞಾನ ಆಗುವ ಕೆಲಸವಲ್ಲ ಎಂದು ಹೇಳಿದವರಿದ್ದರು. ಅವರು ಬಲಗೈಯಲ್ಲೇ ಎಲ್ಲ ಕಲಿತು, ಕಾರ್ನೆಲ್ ವಿಶ್ವವಿದ್ಯಾಲಯ ಸೇರಿ, 1917ರಲ್ಲಿ ಒಂದು ಹಟ ಹಿಡಿದರು: ಕಿಣ್ವವನ್ನು ಶುದ್ಧ ರೂಪದಲ್ಲಿ ಬೇರ್ಪಡಿಸಬೇಕು. ಆರಿಸಿಕೊಂಡದ್ದು ನಮ್ಮ ಕತ್ತಿ ಅವರೆಯ ಬಳಗದ ಜ್ಯಾಕ್ ಬೀನ್. ಅದರ ಹಿಟ್ಟಿನಲ್ಲಿ ಯೂರಿಯಾ ಒಡೆಯುವ ಯೂರಿಯೇಸ್ ಹೇರಳವಾಗಿದೆ.

ಅವರ ಪ್ರಯೋಗಾಲಯದಲ್ಲಿ ತಣ್ಣಗಿಡುವ ಪೆಟ್ಟಿಗೆ ಕೂಡ ಇರಲಿಲ್ಲ. ದ್ರಾವಣ ತುಂಬಿದ ಗಾಜಿನ ಜಾಡಿಗಳನ್ನು ಕಿಟಕಿಯ ಹೊರಗಿನ ಕಟ್ಟೆಯ ಮೇಲಿಟ್ಟು, ರಾತ್ರಿ ಚಳಿ ಜೋರಾಗಲಪ್ಪಾ ಎಂದು ಬೇಡಿಕೊಳ್ಳುತ್ತಿದ್ದೆವು ಎಂಬರ್ಥದ ಮಾತನ್ನು ಮುಂದೆ ನೊಬೆಲ್ ಭಾಷಣದಲ್ಲೇ ಹೇಳಿದರು. ಒಂಬತ್ತು ವರ್ಷ ಹೀಗೇ ಹೋಯಿತು. ಮೊದಲೆಲ್ಲ ಬಳಸಿದ್ದು ಶೇಕಡಾ 32ರ ಆಲ್ಕೊಹಾಲ್. 1926ರಲ್ಲಿ ಅದರ ಬದಲು ಅಷ್ಟೇ ಪ್ರಮಾಣದ ಅಸಿಟೋನ್ ಹಾಕಿ, ಸೋಸಿ, ರಾತ್ರಿಯಿಡೀ ಚಳಿಯಲ್ಲಿ ಬಿಟ್ಟರು. ಬೆಳಿಗ್ಗೆ ಒಂದು ಹನಿಯನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟರೆ ಪುಟ್ಟ ಪುಟ್ಟ ಹರಳುಗಳು! ಕರಗಿಸಿ ನೋಡಿದರೆ ಕಿಣ್ವದ ಶಕ್ತಿ ಭರ್ಜರಿಯಾಗಿತ್ತು. ಕಿಣ್ವ ಅಂದರೆ ಪ್ರೋಟೀನೇ ಎಂಬುದಕ್ಕೆ ಸಾಕ್ಷಿ ಕೈಗೆ ಬಂದಿತ್ತು.

ಜಗತ್ತು ನಂಬಿತೇ? ಇಲ್ಲ. ಜರ್ಮನಿಯ ನೊಬೆಲ್ ವಿಜೇತ ವಿಲ್‌ಸ್ಟಾಟರ್ ಅವರ ಬಳಗ ಕಿಣ್ವ ಪ್ರೋಟೀನೇ ಅಲ್ಲ ಎಂದು ವರ್ಷಗಟ್ಟಲೆ ವಾದಿಸಿತು. ಅಮೆರಿಕದ ನಾರ್ತ್ರಪ್ 1930ರ ಹೊತ್ತಿಗೆ ಪೆಪ್ಸಿನ್ನನ್ನೂ ಹರಳುಗಟ್ಟಿಸಿದ ಮೇಲೆ ಗಾಳಿ ತಿರುಗಿತು. 1946ರ ರಸಾಯನವಿಜ್ಞಾನ ನೊಬೆಲ್‌ನಲ್ಲಿ ಅರ್ಧ ಸಮ್ನರ್‌ಗೆ, ಉಳಿದರ್ಧ ನಾರ್ತ್ರಪ್ ಮತ್ತು ಸ್ಟ್ಯಾನ್ಲಿಗೆ. ಈ ಸ್ಟ್ಯಾನ್ಲಿ ಯಾರೆಂದರೆ, 1935ರಲ್ಲಿ ಹೊಗೆಸೊಪ್ಪಿನ ಮೊಸಾಯಿಕ್ ರೋಗದ ವೈರಸ್ಸನ್ನೇ ಸೂಜಿಯಂಥ ಹರಳುಗಳಾಗಿ ಸೀಸೆಗೆ ತುಂಬಿದವರು. ಜೀವ ಇದೆಯೋ ಇಲ್ಲವೋ ಎಂಬ ವಸ್ತು ಉಪ್ಪಿನ ಹಾಗೆ ಸೀಸೆಯಲ್ಲಿ ಕೂತದ್ದು ಆ ಕಾಲದ ಪತ್ರಿಕೆಗಳಿಗೆ ಹಬ್ಬ.

◆ ಪ್ರೋಟೀನನ್ನು ದ್ರಾವಣದಿಂದ ಹೊರದಬ್ಬಲು ಅತಿ ಹೆಚ್ಚು ಬಳಕೆಯಾದ ಉಪ್ಪು ಯಾವುದು ಗೊತ್ತೇ? ಅಮೋನಿಯಂ ಸಲ್ಫೇಟ್. ಹೌದು, ರೈತರು ಗದ್ದೆಗೆ ಎರಚುವ ಅದೇ ಗೊಬ್ಬರ, ಲ್ಯಾಬಿನದು ಶುದ್ಧವಾದದ್ದು ಅಷ್ಟೆ. ಉಪ್ಪು ನೀರನ್ನು ತನ್ನ ಕಡೆ ಎಳೆದುಕೊಳ್ಳುತ್ತದೆ, ನೀರಿನ ಕೊರತೆಯಾದ ಪ್ರೋಟೀನ್ ಅಣುಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಯಾವ ಉಪ್ಪು ಎಷ್ಟು ಜೋರು ಎಂಬ ಪಟ್ಟಿಯನ್ನು 1888ರಲ್ಲೇ ಪ್ರಾಗ್ ನಗರದಲ್ಲಿ ಹಾಫ್‌ಮೈಸ್ಟರ್ ಮೊಟ್ಟೆಯ ಬಿಳಿಭಾಗ ಹಿಡಿದುಕೊಂಡು ಮಾಡಿಟ್ಟಿದ್ದರು. ಅದು ಇವತ್ತಿಗೂ ಚಾಲ್ತಿಯಲ್ಲಿದೆ. ತಮಾಷೆಯೆಂದರೆ ಅದೇ ಮೊಟ್ಟೆಯ ಲೈಸೊಜೈಮ್ ಎಂಬ ಪ್ರೋಟೀನು ಆಮ್ಲೀಯ ದ್ರಾವಣದಲ್ಲಿ ಆ ಪಟ್ಟಿಯನ್ನು ತಲೆಕೆಳಗೆ ಓದುತ್ತದೆ.

◆ ಲ್ಯಾಬಿನಲ್ಲಿ ದಿನವೂ ನಡೆಯುವ ಕೆಲಸ ಹೀಗೆ. 24 ಗುಳಿಗಳ ಪ್ಲಾಸ್ಟಿಕ್ ತಟ್ಟೆ. ಪ್ರತಿ ಗುಳಿಯ ತಳದಲ್ಲಿ ಉಪ್ಪಿನ ಗಟ್ಟಿ ದ್ರಾವಣ. ತೆಳು ಗಾಜಿನ ಬಿಲ್ಲೆಯ ಮೇಲೆ ಒಂದು ಮೈಕ್ರೋಲೀಟರ್ ಪ್ರೋಟೀನ್, ಅದರ ಮೇಲೆ ಒಂದು ಮೈಕ್ರೋಲೀಟರ್ ಅದೇ ಉಪ್ಪುನೀರು. ಬಿಲ್ಲೆಯನ್ನು ಬೋರಲು ಹಾಕಿ ಗುಳಿಯ ಬಾಯಿಗೆ ಗ್ರೀಸ್ ಹಚ್ಚಿ ಮುಚ್ಚಿದರೆ ಹನಿ ಬಾವಲಿಯಂತೆ ತೂಗುತ್ತದೆ. ಹನಿಯಲ್ಲಿ ಉಪ್ಪು ಅರ್ಧದಷ್ಟೇ ಇರುವುದರಿಂದ ನೀರು ಆವಿಯಾಗಿ ಕೆಳಗಿನ ಗುಳಿಗೆ ಇಳಿಯುತ್ತ ಹೋಗುತ್ತದೆ. ಹನಿ ಸುಮಾರು ಅರ್ಧಕ್ಕೆ ಕುಗ್ಗಿದಾಗ ಸಮತೋಲ. ಗ್ರೀಸಿನಲ್ಲಿ ಕೂದಲೆಳೆಯಷ್ಟು ಸಂದು ಉಳಿದರೂ ಆಟ ಮುಗಿಯಿತು, ಹನಿ ಒಣಗಿ ಹೊಪ್ಪಳೆಯಾಗುತ್ತದೆ.

◆ ಇವತ್ತಿನ ರೋಬಾಟ್ ಹಾಕುವ ಹನಿ ಬರೀ 100 ನ್ಯಾನೋಲೀಟರ್. ಅಂಥ ಹತ್ತು ಸಾವಿರ ಹನಿ ಕೂಡಿದರೆ ಒಂದು ಮಿಲಿಲೀಟರ್. ಹೀಗಾಗಿ ಎ.ಸಿ. ಕೋಣೆಯ ಒಣಗಾಳಿಯೇ ಶತ್ರು: ತಟ್ಟೆ ಮುಚ್ಚುವಷ್ಟರಲ್ಲಿ ಹನಿ ಅರ್ಧ ಆರಿರುತ್ತದೆ. ಅದಕ್ಕೆ ರೋಬಾಟ್ ಸುತ್ತ ತೇವದ ಗಾಳಿ ತುಂಬಿದ ಗೂಡು ಕಟ್ಟುತ್ತಾರೆ. ಇಲ್ಲವೇ ಹನಿಯನ್ನು ಎಣ್ಣೆಯೊಳಗೆ ಮುಳುಗಿಸಿಬಿಡುತ್ತಾರೆ. ಪ್ಯಾರಾಫಿನ್ ಎಣ್ಣೆಯಾದರೆ ನೀರು ಹೊರಹೋಗುವುದು ತೀರ ಕಡಿಮೆ, ಸಿಲಿಕೋನ್ ಎಣ್ಣೆ ಬೆರೆಸಿದರೆ ಮೆಲ್ಲಗೆ ಹೋಗುತ್ತದೆ. ಎಣ್ಣೆಯ ಬೆರಕೆಯೇ ಇಲ್ಲಿ ಒಲೆಯ ಉರಿ.

◆ ಜೇನು ಹರಳುಗಟ್ಟಿತು ಅಂತ ಅಂಗಡಿಯವನನ್ನು ಬೈದವರಲ್ಲಿ ನಾನೂ ಒಬ್ಬ. ಸಕ್ಕರೆ ಬೆರೆಸಿದ್ದಾನೆ ಎಂದು ಗುಮಾನಿ. ಪಾಪ, ತಪ್ಪು ಚಳಿಗಾಲದ್ದು. ಜೇನು ಹುಟ್ಟಿನಿಂದಲೇ ಅತಿಸಂತೃಪ್ತ ದ್ರಾವಣ, ಕರಗಬೇಕಾದ್ದಕ್ಕಿಂತ ಹೆಚ್ಚು ಸಕ್ಕರೆ ಕರಗಿರುತ್ತದೆ. ತಣ್ಣಗಾದರೆ ಹೆಚ್ಚಿನದು ಹೊರಬರುತ್ತದೆ. ಪ್ರೋಟೀನಿನದೂ ಇದೇ ಲೆಕ್ಕ, ಆದರೆ ನಕ್ಷೆಯಲ್ಲಿ ನಾಲ್ಕು ಸೀಮೆಗಳು. ತೆಳು ದ್ರಾವಣ, ಅಲ್ಲಿ ಏನೂ ಆಗದು. ಅದರಾಚೆ ಒಂದು ಪಟ್ಟಿ, ಅಲ್ಲಿ ಇರುವ ಹರಳು ಬೆಳೆಯುತ್ತದೆ, ಹೊಸದು ಹುಟ್ಟುವುದಿಲ್ಲ. ಇನ್ನೂ ಆಚೆ ಹೊಸ ಹರಳುಗಳು ತಾವಾಗಿ ಹುಟ್ಟುತ್ತವೆ, ಹೆಚ್ಚಾದರೆ ಸಾವಿರಾರು ಹುಟ್ಟಿ ಒಂದೂ ಬೆಳೆಯದೆ ರವೆಯಾಗುತ್ತವೆ. ಕೊನೆಯ ಸೀಮೆ ದಾಟಿದರೆ ಒಡೆದ ಹಾಲಿನಂಥ ಗಸಿ. ಒಳ್ಳೆಯ ಹರಳಿಗೆ ಹುಟ್ಟೂರು ಒಂದು, ಬೆಳೆಯುವ ಊರು ಇನ್ನೊಂದು!

◆ ಬೀಜ ಹಾಕುವುದು ಹುಟ್ಟಿನ ತಾಪತ್ರಯ ತಪ್ಪಿಸುವ ಉಪಾಯ. ಹಳೆಯ ಹರಳನ್ನು ಪುಡಿ ಮಾಡಿ, ಅದರ ಒಂದಿಷ್ಟನ್ನು ಹೊಸ ಹನಿಗೆ ತಾಗಿಸಬೇಕು. ಹಾಲಿಗೆ ಹೆಪ್ಪು ಹಾಕಿದ ಹಾಗೆ. ತಾಗಿಸಲು ಲ್ಯಾಬುಗಳಲ್ಲಿ ಹೆಸರಾದ ಸಲಕರಣೆ ಬೆಕ್ಕಿನ ಮೀಸೆ. ತುದಿ ಚೂಪು, ಬುಡ ಗಟ್ಟಿ, ಹನಿಯ ಮೇಲೆ ಒಂದು ಗೆರೆ ಎಳೆದರೆ ಗೆರೆಯುದ್ದಕ್ಕೂ ಹರಳುಗಳ ಸಾಲು. (ಉದುರಿದ ಮೀಸೆಯನ್ನೇ ಎತ್ತಿಟ್ಟುಕೊಳ್ಳುತ್ತಾರೆ, ಬೆಕ್ಕಿಗೆ ತೊಂದರೆಯಿಲ್ಲ.) ಕುದುರೆಯ ಕೂದಲನ್ನು ಹನಿಯಲ್ಲಿ ಹಾಕಿದರೆ ಅದರ ಒರಟು ಮೈಯ ಮೇಲೆ ಹರಳು ಹುಟ್ಟುವುದನ್ನು 2003ರಲ್ಲಿ ತೋರಿಸಿದ್ದಾರೆ. 1988ರಲ್ಲಿ ಮೆಕ್‌ಫರ್ಸನ್ ಮತ್ತು ಶ್ಲಿಕ್ಟಾ 50 ಬಗೆಯ ಖನಿಜಗಳ ಪುಡಿ ಹಾಕಿ ನೋಡಿದಾಗ, ಪ್ರೋಟೀನ್‌ಗಳು ಕೆಲವು ಕಲ್ಲುಗಳ ಮೇಲೆ ಬೇಗ ಹರಳುಗಟ್ಟಿದವು. ಇನ್ನು ಗಡ್ಡ ಬಿಟ್ಟ ರಸಾಯನವಿಜ್ಞಾನಿ ಕೋಣೆಗೆ ಬಂದರೆ ಅವರ ಗಡ್ಡದಿಂದ ಬೀಜ ಉದುರಿ ಮೊಂಡು ದ್ರಾವಣವೂ ಹರಳುಗಟ್ಟುತ್ತದೆ ಎಂಬುದು ಲ್ಯಾಬುಗಳ ಹಳೆಯ ದಂತಕತೆ. ಕತೆ ಕತೆಯೇ, ಆದರೆ ಧೂಳಿನ ಕಣ ಹಾಗೆ ಮಾಡಬಲ್ಲದು ಎಂಬುದು ಕತೆಯಲ್ಲ.

◆ ತಣ್ಣಗಿಟ್ಟರೆ ಹರಳು ಬರುತ್ತದೆ ಎಂಬ ಜೇನಿನ ಪಾಠ ಎಲ್ಲ ಪ್ರೋಟೀನಿಗೂ ಒಗ್ಗದು. ಲೈಸೊಜೈಮ್ ಆ ಪಾಠ ಕೇಳುತ್ತದೆ: ಬಿಸಿ ಮಾಡಿದರೆ ಕರಗುತ್ತದೆ, ತಂಪಿಗೆ ಹರಳಾಗುತ್ತದೆ. ಆದರೆ ಉಪ್ಪು ಹೆಚ್ಚಿರುವ ದ್ರಾವಣಗಳಲ್ಲಿ ಎಷ್ಟೋ ಪ್ರೋಟೀನುಗಳು ತಂಪಿನಲ್ಲೇ ಹೆಚ್ಚು ಕರಗುತ್ತವೆ. ಅದಕ್ಕೇ ಒಂದೇ ತಟ್ಟೆಯ ಜೋಡಿ ಮಾಡಿ ಒಂದನ್ನು 4 ಡಿಗ್ರಿಯಲ್ಲಿ, ಇನ್ನೊಂದನ್ನು 20 ಡಿಗ್ರಿಯಲ್ಲಿ ಇಡುವ ರೂಢಿ. ಲೈಸೊಜೈಮ್ ಇನ್ನೂ ಒಂದು ಹೆಜ್ಜೆ ಮುಂದೆ: ಸುಮಾರು 25 ಡಿಗ್ರಿ ದಾಟಿದರೆ ಹರಳಿನ ಜಾತಿಯನ್ನೇ ಬದಲಿಸಿ ಬೇರೆ ಆಕಾರದಲ್ಲಿ ಬೆಳೆಯುತ್ತದೆ.

◆ ಲೈಸೊಜೈಮ್ ಬಗ್ಗೆ ಇಷ್ಟು ಗೊತ್ತಿರುವುದಕ್ಕೆ ಕಾರಣ ಅದು ಅಗ್ಗ ಮತ್ತು ಸಾಧು. ಕೋಳಿಮೊಟ್ಟೆಯಿಂದ ಬರುತ್ತದೆ, ಅಡುಗೆಯುಪ್ಪು ಸಾಕು, ರಾತ್ರಿ ಇಟ್ಟರೆ ಬೆಳಿಗ್ಗೆ ಹರಳು. ಹೊಸ ವಿದ್ಯಾರ್ಥಿಗಳಿಗೆ ಅಕ್ಷರಾಭ್ಯಾಸ ಇದರಲ್ಲೇ. ಇದನ್ನು ಮೊದಲು ಗುರುತಿಸಿದ್ದು ಪೆನಿಸಿಲಿನ್‌ಗೂ ಮುಂಚಿನ ಅಲೆಕ್ಸಾಂಡರ್ ಫ್ಲೆಮಿಂಗ್, ನೆಗಡಿಯಾದ ತಮ್ಮದೇ ಮೂಗಿನ ಸಿಂಬಳದಲ್ಲಿ. 1965ರಲ್ಲಿ ಲಂಡನ್ನಿನ ಡೇವಿಡ್ ಫಿಲಿಪ್ಸ್ ತಂಡ ಇದರ ರಚನೆ ಬಿಡಿಸಿತು. ಪರಮಾಣು ಮಟ್ಟದಲ್ಲಿ ಕಂಡ ಮೊದಲ ಕಿಣ್ವ ಇದೇ.

◆ ಬಾಟಲಿಯ ಮೇಲೆ 'ಪಿಎಚ್ 8' ಎಂದು ಚೀಟಿ ಅಂಟಿಸಿದ್ದರೂ ಒಳಗಿರುವುದು ಅದೇ ಇರಬೇಕಿಲ್ಲ! ಜೀವರಸಾಯನ ಲ್ಯಾಬುಗಳ ಮನೆಮಾತಾದ ಟ್ರಿಸ್ ಎಂಬ ಬಫರ್ (ಪಿಎಚ್ ಕದಲದಂತೆ ಹಿಡಿಯುವ ದ್ರಾವಣ) ಒಂದೊಂದು ಡಿಗ್ರಿ ತಣ್ಣಗಾದಂತೆ ಸುಮಾರು 0.03ರಷ್ಟು ಕ್ಷಾರದ ಕಡೆ ಜರುಗುತ್ತದೆ. 25 ಡಿಗ್ರಿಯ ಬೆಚ್ಚಗಿನ ಕೋಣೆಯಲ್ಲಿ ಅಳೆದು 8ಕ್ಕೆ ಹೊಂದಿಸಿ 4 ಡಿಗ್ರಿಯ ಕೋಣೆಗೆ ಒಯ್ದರೆ ಅದು 8.6ರ ಹತ್ತಿರ. ಪ್ರೋಟೀನಿನ ಮೈಮೇಲಿನ ವಿದ್ಯುದಂಶಗಳು ಪಿಎಚ್ ನೋಡಿಕೊಂಡು ಬದಲಾಗುತ್ತವೆ. ಯಾವ ಅಣುವಿನ ಯಾವ ಮಗ್ಗುಲು ಪಕ್ಕದವನಿಗೆ ತಾಗಬೇಕು ಎಂಬುದನ್ನು ನಿರ್ಧರಿಸುವುದು ಅವೇ. ಇಲ್ಲಿ ಅರ್ಧ ಅಂಕ ಅಂದರೆ ಬೇರೆ ಊರು.

◆ ಹಳೆಯ ಬಾಟಲಿಯಲ್ಲಿ ಬಂದ ಹರಳು ಹೊಸ ಬಾಟಲಿಯಲ್ಲಿ ಬಾರದೆ ಅತ್ತವರಿದ್ದಾರೆ. ಕಾರಣ ವಯಸ್ಸು. ಉಪ್ಪಿನ ಬದಲು ಪ್ರೋಟೀನನ್ನು ಹೊರದಬ್ಬಲು ಬಳಸುವ ಪಾಲಿಎಥಿಲೀನ್ ಗ್ಲೈಕಾಲ್ ದ್ರಾವಣ ಗಾಳಿ, ಬೆಳಕಿಗೆ ಮೆಲ್ಲಗೆ ಹಳಸಿ ಪೆರಾಕ್ಸೈಡ್, ಆಲ್ಡಿಹೈಡ್‌ಗಳನ್ನು ಕಟ್ಟಿಕೊಂಡು ಆಮ್ಲೀಯವಾಗುತ್ತದೆ. ಅಮೋನಿಯಂ ಸಲ್ಫೇಟ್ ಗುಳಿಯಿಂದ ಹೊರಟ ಅಮೋನಿಯಾ ಆವಿಯೋ ಮೇಲೆ ತೂಗುವ ಹನಿಗೆ ನುಗ್ಗಿ ಅದನ್ನು ಕ್ಷಾರೀಯ ಮಾಡಿಬಿಡುತ್ತದೆ. ಉಪ್ಪಿನಕಾಯಿ ಜಾಡಿಯಂತೆ, ಬಾಟಲಿಗೂ ಹಾಕಿದ ದಿನಾಂಕ ಬರೆದಿಡುವ ಲ್ಯಾಬು ಜಾಣ ಲ್ಯಾಬು.

◆ ಫ್ರಿಜ್ಜಿನ ಕಂಪ್ರೆಸರ್ ಶುರುವಾದಾಗ 'ಗುರ್' ಎಂದು ಮೈ ನಡುಗಿಸುತ್ತದಲ್ಲ, ಆ ನಡುಕವೂ ಹನಿಗೆ ತಲುಪುತ್ತದೆ. ನಡುಕಕ್ಕೆ ಹೆಚ್ಚು ಬೀಜ ಹುಟ್ಟಿ ಚಿಕ್ಕ ಹರಳುಗಳ ರಾಶಿಯಾಗಬಹುದು. ಬಾಗಿಲು ಪದೇ ಪದೇ ತೆಗೆದರೆ ಶಾಖದ ಏರಿಳಿತ. ಇದಕ್ಕೆಂದೇ ನಡುಕ ಕಡಿಮೆ ಇರುವ ದುಬಾರಿ ಪೆಟ್ಟಿಗೆಗಳಿವೆ. ದಿನಕ್ಕೆ ಮೂರು ಸಲ ತಟ್ಟೆ ತೆಗೆದು ನೋಡುವ ಆತುರದ ವಿದ್ಯಾರ್ಥಿಗೆ ಮಾತ್ರ ಪೆಟ್ಟಿಗೆ ಇನ್ನೂ ಬಂದಿಲ್ಲ.

◆ ಇನ್ಸುಲಿನ್ ಹರಳಿನ ಒಗಟು ಎಂಟು ವರ್ಷ ಕಾಡಿತು. 1926ರಲ್ಲಿ ಅಮೆರಿಕದ ಜಾನ್ ಏಬಲ್ ಹರಳು ತೆಗೆದರು, ಆದರೆ ಒಮ್ಮೆ ಬರುತ್ತಿತ್ತು, ಇನ್ನೊಮ್ಮೆ ಕೈಕೊಡುತ್ತಿತ್ತು. 1934ರಲ್ಲಿ ಟೊರಾಂಟೊದ ಸ್ಕಾಟ್ ಗುಟ್ಟು ಬಿಡಿಸಿದರು: ಸತು ಬೇಕು. ಎಲ್ಲಿಂದಲೋ ಸೇರಿಕೊಂಡ ಚೂರು ಸತು ಇದ್ದಾಗ ಹರಳು, ಇಲ್ಲದಾಗ ಇಲ್ಲ. ಆರು ಇನ್ಸುಲಿನ್ ಅಣುಗಳನ್ನು ಒಟ್ಟು ಕಟ್ಟಿಡುವ ಗುಂಡಿ ಅದೇ ಸತು. ನಮ್ಮ ಮೇದೋಜ್ಜೀರಕ ಗ್ರಂಥಿಗೆ ಇದು ಮೊದಲೇ ಗೊತ್ತಿತ್ತು. ಅದು ಇನ್ಸುಲಿನ್ನನ್ನು ಸತುವಿನ ಜೊತೆ ಹರಳಾಗಿಯೇ ದಾಸ್ತಾನು ಮಾಡುತ್ತದೆ.

ಡಾರೊತಿ ಕ್ರೋಫುಟ್, ಮುಂದೆ ಹಾಜ್‌ಕಿನ್, 1930ರ ದಶಕದ ನಡುವಿನಲ್ಲಿ ಇನ್ಸುಲಿನ್ ಹರಳಿನ ಮೊದಲ ಚಿತ್ರ ತೆಗೆದರು. ರಚನೆ ಪೂರ್ತಿ ಬಿಡಿಸಿದ್ದು 1969ರಲ್ಲಿ. ಆ ಆಕ್ಸ್‌ಫರ್ಡ್ ತಂಡದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪಿಎಚ್.ಡಿ. ಮುಗಿಸಿ ಹೋದ ಎಂ. ವಿಜಯನ್ ಇದ್ದರು.

ಇನ್ನೂ ಒಂದು. ಮನೆಯಲ್ಲಿ ಸಕ್ಕರೆಕಾಯಿಲೆಯವರು ಇದ್ದರೆ ಹಾಲಿನಂತೆ ಮಬ್ಬಾದ ಇನ್ಸುಲಿನ್ ಸೀಸೆ ನೋಡಿರುತ್ತೀರಿ, ಅಂಗೈಗಳ ನಡುವೆ ಮೆಲ್ಲಗೆ ಉರುಳಿಸಿ ಬಳಸುವಂಥದ್ದು. ಆ ಮಬ್ಬೇ ಪ್ರೋಟೀನ್ ಹರಳುಗಳು. 1946ರಲ್ಲಿ ಡೆನ್ಮಾರ್ಕಿನ ಹಾಗೆಡಾರ್ನ್ ತಂಡ ಪ್ರೋಟಮಿನ್ ಮತ್ತು ಸತು ಸೇರಿಸಿ ಇದನ್ನು ಹದಗೊಳಿಸಿತು. ಚರ್ಮದಡಿ ನಿಧಾನವಾಗಿ ಕರಗುವುದರಿಂದ ಕೆಲಸ ಗಂಟೆಗಟ್ಟಲೆ ನಡೆಯುತ್ತದೆ. ಫ್ರೀಜರಿನಲ್ಲಿ ಇಟ್ಟರೆ ಆ ಹದ ಕೆಡುತ್ತದೆ, ಮತ್ತೆ ಬಳಸಬಾರದು.

◆ ವಿಜಯನ್ ಬೆಂಗಳೂರಿಗೆ ಮರಳಿ ಕಟ್ಟಿದ ತಂಡ ಹರಳುಗಟ್ಟಿಸಿದ್ದು ಏನನ್ನು? ಕಡಲೆಕಾಯಿಯನ್ನು, ಹಲಸನ್ನು! ಅಂದರೆ ಅವುಗಳ ಬೀಜದಲ್ಲಿರುವ, ಸಕ್ಕರೆಯ ಅಣುಗಳನ್ನು ಹಿಡಿಯುವ ಲೆಕ್ಟಿನ್ ಪ್ರೋಟೀನುಗಳನ್ನು. ಕಡಲೆಕಾಯಿಯದರ ರಚನೆ 1994ರಲ್ಲಿ, ಹಲಸಿನ 'ಜಾಕಲಿನ್' 1996ರಲ್ಲಿ ಪ್ರಕಟವಾದವು. ಅದೇ ಸಂಸ್ಥೆಯ ಎಂ.ಆರ್.ಎನ್. ಮೂರ್ತಿ ಅವರ ತಂಡ ಅಗಸೆ ಮರಕ್ಕೆ ತಗುಲುವ ವೈರಸ್ಸನ್ನು ಹರಳುಗಟ್ಟಿಸಿ 1995ರಲ್ಲಿ ಅದರ ರಚನೆ ಕೊಟ್ಟಿತು. ಒಂದೇ ಪ್ರೋಟೀನಿನ 180 ಪ್ರತಿಗಳಿಂದ ಹೆಣೆದ ಚೆಂಡು ಅದು.

◆ ಬೂಸ್ಟು ಬಂದ ಹನಿಯನ್ನು ಎಸೆಯುವ ಮುಂಚೆ ಎರಡು ಸಲ ಯೋಚಿಸಿ. ಇಲಿಯ ಒಂದು ಪ್ರೋಟೀನ್ ಎಷ್ಟು ತಟ್ಟೆ ಹಾಕಿದರೂ ಹರಳುಗಟ್ಟದೆ, ಬೂಸ್ಟು ಸೇರಿದ ದ್ರಾವಣದಲ್ಲಿ ಮಾತ್ರ ಹರಳುಗಟ್ಟಿದ ಪ್ರಸಂಗ 2007ರಲ್ಲಿ ವರದಿಯಾಯಿತು. ಬೂಸ್ಟು ಸ್ರವಿಸಿದ ಕಿಣ್ವ ಪ್ರೋಟೀನಿನ ಜೋಲಾಡುವ ಬಾಲಗಳನ್ನು ಕತ್ತರಿಸಿ ಅಚ್ಚುಕಟ್ಟು ಮಾಡಿತ್ತು. ಈಗ ಬೇಕೆಂದೇ ಚಿಟಿಕೆ ಕಿಣ್ವ ಹಾಕಿ ಹನಿಯಲ್ಲೇ ಕ್ಷೌರ ಮಾಡಿಸುವುದು ಒಂದು ಒಪ್ಪಿತ ವಿಧಾನ.

◆ ಶುದ್ಧತೆ ಶೇಕಡಾ 95ಕ್ಕಿಂತ ಹೆಚ್ಚಿರಲಿ ಅನ್ನುತ್ತಾರೆ. ಉಳಿದ ಐದರಲ್ಲಿ ಕಳ್ಳನಿರಬಹುದು. ಬ್ಯಾಕ್ಟೀರಿಯಾದಲ್ಲಿ ಬೇರೆ ಪ್ರೋಟೀನ್ ಬೆಳೆಸಿ, ತಿಂಗಳುಗಟ್ಟಲೆ ಶುದ್ಧೀಕರಿಸಿ, ಚೆಂದದ ಹರಳು ಪಡೆದು, ಕ್ಷ-ಕಿರಣ ಚಿತ್ರ ತೆಗೆದು ಕೊನೆಗೆ ನೋಡಿದರೆ ಅದು ಬ್ಯಾಕ್ಟೀರಿಯಾದ್ದೇ ಆದ 'ಎಕ್ರ್-ಬಿ' ಎಂಬ ಪ್ರೋಟೀನ್. ಕೋಶಪೊರೆಯ ಪ್ರೋಟೀನುಗಳ ಮೇಲೆ ಕೆಲಸ ಮಾಡುವ ಎಷ್ಟೋ ಲ್ಯಾಬುಗಳಿಗೆ ಹೀಗಾಗಿದೆ. ಅತಿ ಕಡಿಮೆ ಇದ್ದರೂ ಹರಳುಗಟ್ಟುವ ಚಾಳಿ ಅದಕ್ಕೆ. ಕರೆದವರು ಬಾರದಿದ್ದರೂ ಕರೆಯದವರು ಊಟಕ್ಕೆ ಕೂತ ಹಾಗೆ.

◆ ಪ್ರಾಣಿ ಬದಲಿಸಿದರೂ ದಾರಿ ಸಿಗುತ್ತದೆ. ಜಾನ್ ಕೆಂಡ್ರೂ ಸ್ನಾಯುಗಳ ಮಯೋಗ್ಲೋಬಿನ್‌ಗಾಗಿ ಪ್ರಾಣಿ ಪ್ರಾಣಿ ಸುತ್ತಿ, ಕೊನೆಗೆ ದೊಡ್ಡ ಹರಳು ಪಡೆದದ್ದು ಸ್ಪರ್ಮ್ ತಿಮಿಂಗಿಲದ ಮಾಂಸದಿಂದ. ಬಹಳ ಹೊತ್ತು ಉಸಿರು ಹಿಡಿದು ಮುಳುಗುವ ಪ್ರಾಣಿ, ಮಾಂಸದ ತುಂಬ ಆಮ್ಲಜನಕ ಕೂಡಿಡುವ ಆ ಪ್ರೋಟೀನು. ಅದೇ ಮೊದಲು ರಚನೆ ತಿಳಿದ ಪ್ರೋಟೀನ್, 1962ರ ನೊಬೆಲ್. ಪ್ರಾಣಿ ಬದಲಿಸಲಾಗದಿದ್ದರೆ ಪ್ರೋಟೀನನ್ನೇ ತಿದ್ದುವುದುಂಟು: ಎಚ್‌ಐವಿಯ ಇಂಟಿಗ್ರೇಸ್ ಕಿಣ್ವದಲ್ಲಿ ಒಂದೇ ಒಂದು ಅಮೈನೋ ಆಮ್ಲ ಬದಲಿಸಿದ ಮೇಲೆ ಅದು 1994ರಲ್ಲಿ ಹರಳಿಗೆ ಬಗ್ಗಿತು.

◆ ಕೋಶಪೊರೆಯೊಳಗೆ ಹೂತಿರುವ ಪ್ರೋಟೀನುಗಳು ಎಣ್ಣೆಜಿಡ್ಡಿನವು, ನೀರಿಗೆ ಬಾರವು. ಅವು ಹರಳುಗಟ್ಟುವುದೇ ಇಲ್ಲ ಎಂದು ಬಹುಮಂದಿ ಕೈಚೆಲ್ಲಿದ್ದರು. 1979ರಲ್ಲಿ ಜರ್ಮನಿಯ ಹಾರ್ಟ್‌ಮುಟ್ ಮಿಶೆಲ್ ಫ್ರೀಜರಿನಲ್ಲಿಟ್ಟಿದ್ದ ಅಂಥದೊಂದು ಪ್ರೋಟೀನು ಗಾಜಿನ ಚೂರಿನಂತೆ ಗಟ್ಟಿಯಾದದ್ದನ್ನು ಕಂಡು, ಇದು ಆಗುವ ಮಾತು ಎಂದುಕೊಂಡರು. ಸಾಬೂನಿನಂಥ ಅಣುಗಳಲ್ಲಿ ಸುತ್ತಿ 1982ರ ಹೊತ್ತಿಗೆ ಹರಳು ತೆಗೆದೂ ತೋರಿಸಿದರು. 1988ರ ನೊಬೆಲ್ ಆ ಗಾಜಿನ ಚೂರಿನ ಮೊಮ್ಮಗು.

◆ ಹಿಮಕರಡಿಗೂ ನೊಬೆಲ್‌ಗೂ ನಂಟಿದೆ. ಇಸ್ರೇಲಿನ ಆಡಾ ಯೊನಾತ್ ಸೈಕಲ್ ಅಪಘಾತದಲ್ಲಿ ತಲೆಗೆ ಪೆಟ್ಟಾಗಿ ಮಲಗಿದ್ದಾಗ, ಚಳಿನಿದ್ದೆಗೆ ಜಾರಿದ ಕರಡಿಗಳ ಜೀವಕೋಶದಲ್ಲಿ ಪ್ರೋಟೀನ್ ತಯಾರಿಸುವ ರೈಬೋಸೋಮುಗಳು ಸಾಲಾಗಿ ಜೋಡಣೆಯಾಗುವ ಸಂಗತಿ ಓದಿದರು. ಪ್ರಕೃತಿ ಜೋಡಿಸಬಲ್ಲುದಾದರೆ ನಾನೇಕೆ ಬೇಡ? ಆದರೆ ರೈಬೋಸೋಮ್ ದೈತ್ಯ, ಬೇಗ ಚೂರಾಗುವಂಥದ್ದು. ಗಟ್ಟಿಯಾದದ್ದು ಬೇಕೆಂದು ಅವರು ಬಿಸಿನೀರಿನ ಬುಗ್ಗೆ, ಮೃತ ಸಮುದ್ರಗಳ ಬ್ಯಾಕ್ಟೀರಿಯಾದಂಥ ಜೀವಿಗಳ ಬೆನ್ನು ಹತ್ತಿದರು. ಮೊದಲ ಹರಳು 1980ರಲ್ಲಿ. ಪೂರ್ತಿ ಚಿತ್ರಕ್ಕೆ ಇನ್ನೂ ಎರಡು ದಶಕ. 2009ರ ನೊಬೆಲ್ ಅವರಿಗೆ, ಥಾಮಸ್ ಸ್ಟೈಟ್ಸ್‌ಗೆ, ಚಿದಂಬರದಲ್ಲಿ ಹುಟ್ಟಿದ ವೆಂಕಟರಾಮನ್ ರಾಮಕೃಷ್ಣನ್‌ಗೆ.

◆ ಕ್ಷ-ಕಿರಣ ಹರಳನ್ನು ತೋರಿಸುತ್ತಲೇ ಕೊಲ್ಲುತ್ತದೆ. ಅದಕ್ಕೆ ಯೊನಾತ್ ಅವರ ಕಾಲದಲ್ಲೇ ಹೊಸ ಉಪಾಯ ಬಂತು: ದ್ರವ ಸಾರಜನಕದಲ್ಲಿ ಫಕ್ಕನೆ ಅದ್ದುವುದು. ಫಕ್ಕನೆ ಎಂಬುದೇ ಮುಖ್ಯ, ನಿಧಾನವಾದರೆ ಒಳಗಿನ ನೀರು ಮಂಜುಗಡ್ಡೆಯಾಗಿ ಹಿಗ್ಗಿ ಹರಳು ಸೀಳುತ್ತದೆ. ಮುಂಚೆ ಸ್ವಲ್ಪ ಗ್ಲಿಸರಿನ್ ಕುಡಿಸಿದರೆ ನೀರು ಗಾಜಿನಂತೆ ಹೆಪ್ಪುಗಟ್ಟುತ್ತದೆ. ಹರಳಿನ ಆಯುಸ್ಸು ಹತ್ತಾರು ಪಟ್ಟು ಹೆಚ್ಚುತ್ತದೆ.

◆ ಶುದ್ಧತೆ, ಹದ, ತಾಪ ಎಂದೆಲ್ಲ ಇಷ್ಟು ಹೊತ್ತು ಹೇಳಿದೆನಲ್ಲ, ಒಂದು ಜಿರಳೆ ಅದನ್ನೆಲ್ಲ ಗಾಳಿಗೆ ತೂರಿದೆ. ಮರಿ ಹಾಕುವ ಒಂದು ಜಾತಿಯ ಜಿರಳೆ ತನ್ನ ಹೊಟ್ಟೆಯೊಳಗಿನ ಭ್ರೂಣಗಳಿಗೆ ಹಾಲಿನಂಥ ದ್ರವ ಉಣಿಸುತ್ತದೆ. ಮರಿಯ ಕರುಳಿನಲ್ಲಿ ಆ ಹಾಲು ಪ್ರೋಟೀನ್ ಹರಳಾಗುತ್ತದೆ. ಬೆಂಗಳೂರಿನ 'ಇನ್‌ಸ್ಟೆಮ್' ಸಂಸ್ಥೆಯ ಸಂಚಾರಿ ಬ್ಯಾನರ್ಜಿ, ಎಸ್. ರಾಮಸ್ವಾಮಿ ಮತ್ತು ಸಂಗಡಿಗರು 2016ರಲ್ಲಿ ಅದರ ರಚನೆಯನ್ನು ಪರಮಾಣು ಮಟ್ಟದಲ್ಲಿ ಕೊಟ್ಟರು. ಹರಳಿನಲ್ಲಿದ್ದುದು ಒಂದೇ ಪ್ರೋಟೀನ್ ಅಲ್ಲ, ಸ್ವಲ್ಪ ಸ್ವಲ್ಪ ಬೇರೆಯಾದ ಅಣ್ಣತಮ್ಮಂದಿರ ಬೆರಕೆ, ಮೈಮೇಲೆ ಸಕ್ಕರೆ, ಹೊಟ್ಟೆಯಲ್ಲಿ ಕೊಬ್ಬು. ಯಾವ ಲ್ಯಾಬಿನಲ್ಲೂ ಪಾಸಾಗದ ಮಾಲು! ಸುದ್ದಿಯಲ್ಲಿ ಮಾತ್ರ ಓಡಿದ್ದು 'ಎಮ್ಮೆ ಹಾಲಿನ ಮೂರು ಪಟ್ಟು ಶಕ್ತಿ' ಎಂಬ ಸಾಲು.

◆ ರಾಮನಗರದ ರೇಷ್ಮೆ ರೈತರು ಪ್ರೋಟೀನ್ ಹರಳಿನ ಮೇಲೆ ಯುದ್ಧ ಮಾಡುತ್ತಲೇ ಬಂದಿದ್ದಾರೆ, ಆ ಹೆಸರು ಹೇಳದೆ. ಹುಳುವಿನ ಮೈಯಿಂದ ಹಾಲಿನಂಥ ದ್ರವ ಒಸರುವ ಹಾಲುತೊಂಡೆ ರೋಗ ನೆನಪಿದೆಯೆ? ಆ ಬಿಳುಪು ಅಂದರೆ ವೈರಸ್‌ಗಳನ್ನು ಒಳಗಿಟ್ಟುಕೊಂಡ ಸೂಕ್ಷ್ಮ ಪ್ರೋಟೀನ್ ಹರಳುಗಳು. ಹೊರಗಿನ ಬಿಸಿಲು, ಧೂಳಿಗೆ ಅವು ಬಗ್ಗುವುದಿಲ್ಲ. ಸೊಪ್ಪಿನ ಜೊತೆ ಹುಳುವಿನ ಹೊಟ್ಟೆ ಸೇರಿದ ಮೇಲೆ ಅಲ್ಲಿನ ಕಟು ಕ್ಷಾರಕ್ಕೆ ಕರಗಿ ವೈರಸ್ ಹೊರಬಿಡುತ್ತವೆ. ಸಾಕಣೆ ಮನೆ ತೊಳೆಯಲು ಬ್ಲೀಚಿಂಗ್ ಪುಡಿಯ ಜೊತೆ ಅರಳಿದ ಸುಣ್ಣ ಬೆರೆಸಲು ಹೇಳುವುದರ ಹಿಂದೆಯೂ ಈ ಗುಟ್ಟಿದೆ: ಸುಣ್ಣದ ಕ್ಷಾರ ಹರಳಿನ ಕೋಟೆ ಕರಗಿಸುತ್ತದೆ, ಬಯಲಿಗೆ ಬಂದ ವೈರಸ್ಸನ್ನು ಬ್ಲೀಚಿಂಗ್ ಮುಗಿಸುತ್ತದೆ.

◆ ನಮ್ಮ ಕಣ್ಣಿನ ಮಸೂರದ ಪ್ರೋಟೀನುಗಳ ಹೆಸರು ಕ್ರಿಸ್ಟಲಿನ್. ಹೆಸರಿಗೆ ಹರಳು, ಕೆಲಸ ಹರಳಾಗದೆ ಉಳಿಯುವುದು! ಒಂದೇ ಅಮೈನೋ ಆಮ್ಲ ಬದಲಾದ ಅಪರೂಪದ ಪ್ರಸಂಗದಲ್ಲಿ ಅದು ಕಣ್ಣೊಳಗೇ ಹರಳುಗಟ್ಟಿ ಬಾಲಕನೊಬ್ಬನಿಗೆ ಪೊರೆ ತಂದದ್ದು 2000ದಲ್ಲಿ ವರದಿಯಾಗಿದೆ. ಆಸ್ತಮಾ ರೋಗಿಗಳ ಕಫದಲ್ಲಿ ಕಾಣುವ ಸೂಜಿಹರಳುಗಳೂ ಪ್ರೋಟೀನೇ. ಹತ್ತೊಂಬತ್ತನೇ ಶತಮಾನದಲ್ಲೇ ಶಾರ್ಕೊ ಮತ್ತು ಲೈಡನ್ ಕಂಡಿದ್ದರು.

◆ ಭೂಮಿಯ ಎಳೆತವೂ ಒಂದು ಪ್ರಯೋಗಾಲಯದ ಷರತ್ತೇ. ಬೆಳೆಯುವ ಹರಳಿನ ಸುತ್ತ ದ್ರಾವಣ ತೆಳುವಾಗಿ ಮೇಲೇಳುತ್ತದೆ, ಗಟ್ಟಿಯಾದದ್ದು ಇಳಿಯುತ್ತದೆ, ಹರಳು ತಳಕ್ಕೆ ಬಿದ್ದು ಒಂದರ ಮೇಲೊಂದು ಕೂರುತ್ತದೆ. ಇದೆಲ್ಲ ಬೇಡವೆಂದು 1983ರಲ್ಲೇ ಬಾಹ್ಯಾಕಾಶ ನೌಕೆಯಲ್ಲಿ ಲೈಸೊಜೈಮ್ ಬೆಳೆಸಿದರು. 2017ರಲ್ಲಿ ಕ್ಯಾನ್ಸರ್ ಔಷಧ ಪೆಂಬ್ರೊಲಿಜುಮಾಬ್ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣಕ್ಕೆ ಹೋಯಿತು. ನೆಲದ ಮೇಲೆ ಸುಮಾರು 13 ಮತ್ತು 102 ಮೈಕ್ರೋಮೀಟರಿನ ಎರಡು ಗುಂಪಾಗಿ ಬಂದ ಹರಳು, ಅಲ್ಲಿ ಸುಮಾರು 39ರ ಒಂದೇ ಅಳತೆಯಲ್ಲಿ ಬಂತು. ಜರಡಿ ಹಿಡಿದ ರವೆಯಂತೆ. ಚುಚ್ಚುಮದ್ದಿನ ಸೂಜಿಯಲ್ಲಿ ಸಲೀಸಾಗಿ ಹರಿಯಲು ಇಂಥ ಸಮ ಅಳತೆ ನೆರವಾಗುತ್ತದೆ. ಆದರೆ ಎಲ್ಲ ಪ್ರೋಟೀನೂ ಮೇಲೆ ಹೋದರೆ ಚೆಂದವಾಗುತ್ತದೆ ಎಂದೇನಿಲ್ಲ. ಎಷ್ಟೋ ಹರಳು ಟಿಕೆಟ್ಟಿಗೆ ತಕ್ಕಂತೆ ಬೆಳೆಯದೆ ಮರಳಿವೆ.

◆ ಇಷ್ಟೆಲ್ಲ ಷರತ್ತುಗಳಲ್ಲಿ ಎಲ್ಲಿಂದ ಶುರು ಮಾಡುವುದು? 1991ರಲ್ಲಿ ಜಂಕಾರಿಕ್ ಮತ್ತು ಕಿಮ್ ಹಿಂದೆ ಗೆದ್ದ ಪಾಕಗಳನ್ನೆಲ್ಲ ನೋಡಿ 50 ಬೆರಕೆಗಳ ಒಂದು ಕಿಟ್ ರೂಪಿಸಿದರು. ಇವತ್ತು ಪೆಟ್ಟಿಗೆಯಲ್ಲಿ ಸಿದ್ಧವಾಗಿ ಸಿಗುತ್ತದೆ. ಗೆದ್ದವರ ಮಸಾಲೆಡಬ್ಬಿ, ಅಷ್ಟೆ.

◆ ಕೊನೆಗೊಂದು ದಿನ ತಟ್ಟೆಯಲ್ಲಿ ಚೂಪಾದ, ಥಳಥಳಿಸುವ ಹರಳು ಕಾಣುತ್ತದೆ. ವಿದ್ಯಾರ್ಥಿ ಗೆಳೆಯರನ್ನೆಲ್ಲ ಕರೆಯುತ್ತಾನೆ. ಗೈಡ್ ಏನೂ ಹೇಳದೆ ಸಣ್ಣ ಸೂಜಿ ಎತ್ತಿಕೊಳ್ಳುತ್ತಾರೆ. ನೀಲಿ ಬಣ್ಣದ ಹನಿ ಹಾಕಿಯೂ ಪರೀಕ್ಷೆ ಮಾಡಬಹುದು, ಪ್ರೋಟೀನ್ ಹರಳಾದರೆ ಒಳಗಿನ ನೀರಿನ ದಾರಿಗಳಲ್ಲಿ ಬಣ್ಣ ಹೀರಿ ನೀಲಿಯಾಗುತ್ತದೆ. ಆದರೆ ಸೂಜಿ ಬೇಗ. ಒತ್ತಿದರೆ ಮೆತ್ತಗೆ ಪುಡಿಯಾಗಬೇಕು. ತಟ್ಟೆಯಿಂದ 'ಕಟಕ್' ಎಂದಿತು. ಆರು ತಿಂಗಳು ಕಾದದ್ದು ಉಪ್ಪಿಗೆ.